ತಗಡಿನ ಮೇಲೆ ಕಲ್ಲು ಯಾಕೆ ಇಡ್ತೀವಿ?

ನಮ್ಮೂರು ತುರ್ವಿಹಾಳ. ರಾಯಚೂರು ಜಿಲ್ಲೆ, ಸಿಂಧನೂರು–ಮಸ್ಕಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆ, ನೆಲ್ಲು, ಬಿಸಿಲು. ಹಾಸ್ಟೆಲ್‌ನಲ್ಲಿ ಯಾರಾದರೂ ಊರಿನ ಬಗ್ಗೆ ಕೇಳಿದರೆ ಇಷ್ಟು ಹೇಳಿ ಸುಮ್ಮನಾಗ್ತಿದ್ದೆ. ಸಿವಿಲ್ ಸೇರಿ ಮೂರು ವರ್ಷ ಆದಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಮಾಳಿಗೆ ಹತ್ತಿ ನಿಂತು ಸುತ್ತ ನೋಡಿದರೆ, ಪ್ರತಿ ತಗಡಿನ ಮೇಲೂ ಏನಾದರೊಂದು ಹೇರಿರ್ತಾರೆ. ಗುಂಡುಕಲ್ಲು, ಹಳೇ ಟ್ರ್ಯಾಕ್ಟರ್ ಟೈರು, ಉಸುಕು ತುಂಬಿದ ಗೊಬ್ಬರದ ಚೀಲ, ಒಡೆದ ಬೀಸುಕಲ್ಲಿನ ಅರ್ಧ ಹೋಳು. ಚಿಕ್ಕಂದಿನಿಂದ ನೋಡಿದ್ದು, ಹಾಗಾಗಿ ಯಾಕೆ ಅಂತ ಕೇಳಿರಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಟ್ಟಿತು. ಮುಂಗಾರಿಗೂ ಮೊದಲು ನಮ್ಮ ಕಡೆ ಬರುವ ಮಳೆಯಲ್ಲಿ ನೀರಿಗಿಂತ ಧೂಳು ಹೆಚ್ಚು, ಧೂಳಿಗಿಂತ ಗಾಳಿ ಹೆಚ್ಚು. ಹತ್ತು ನಿಮಿಷ ಬೀಸಿತು, ಅಷ್ಟೇ. ಅಷ್ಟರಲ್ಲಿ ಹೊಲದಲ್ಲಿದ್ದ ಕಾಕಾನ ದನದ ಶೆಡ್ಡಿನ ತಗಡು ಒಂದು ಬದಿಯಿಂದ ಎದ್ದು, ಅಡ್ಡ ಪೈಪಿನ ಸಮೇತ ಮಗುಚಿಕೊಂಡು ಪಕ್ಕದ ಗದ್ದೆಗೆ ಹೋಗಿ ಬಿತ್ತು. ದನ ಮೇಯಲು ಹೋಗಿದ್ದವು. ಆದರೆ ಅಜ್ಜಿ ಶೆಡ್ಡಿನ ಮುಂದೆ ಹೊರಸು ಹಾಕಿಕೊಂಡು ಕೂತಿದ್ದಳು. ತಗಡಿನ ಮೇಲಿಂದ ಉರುಳಿದ ಒಂದು ಕಲ್ಲು ಹೊರಸಿನ ಕಾಲಿಗೆ ಒಂದು ಗೇಣು ದೂರದಲ್ಲಿ ಬಿದ್ದು ನೆಲದಲ್ಲಿ ಹೂತುಕೊಂಡಿತ್ತು.

ಅಜ್ಜಿಗೆ ನೀರು ಕುಡಿಸಿ, ಎಲ್ಲರೂ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕಾಕಾ ಹೇಳಿದ ಮಾತು ಇದು: "ಸಣ್ಣ ಕಲ್ಲ ಇಟ್ಟಿದ್ದಕ್ಕ ಹಿಂಗಾತು ನೋಡು ತಮ್ಮ. ಈ ಸಲ ದೊಡ್ಡವು ಇಡೋಣ."

ಈ ಲೇಖನ ಕಾಕಾನ ಆ ಮಾತಿಗೆ ನಾನು ಹುಡುಕಿದ ಉತ್ತರ. ಕಾಕಾ ದಡ್ಡ ಅಲ್ಲ. ಅವನು ಹುಟ್ಟಿ ಬೆಳೆದ ಮನೆ ಅವನಿಗೆ ಕಲಿಸಿದ ಎಂಜಿನಿಯರಿಂಗ್ ಪ್ರಕಾರ ಆ ಮಾತು ಸರಿಯಾಗೇ ಇದೆ.

ಆ ಮನೆ ಯಾವುದು ಅಂದ್ರೆ ಮಣ್ಣಿನ ಮಾಳಿಗೆ ಮನೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಮಲೆನಾಡು–ಮಂಗಳೂರು ಕಡೆಯ ಗೆಳೆಯರಿಗಾಗಿ ಹೇಳ್ತೀನಿ. ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಅಥವಾ ಕಲ್ಲು–ಮಣ್ಣಿನ ಗೋಡೆ. ಅದರ ಮೇಲೆ ದಪ್ಪ ತೊಲೆ. ತೊಲೆಯ ಮೇಲೆ ಸಾಲಾಗಿ ಜಂತಿ. ಜಂತಿಯ ಮೇಲೆ ಸೀಳು ಕಟ್ಟಿಗೆ, ಬೇವಿನ ಸೊಪ್ಪು, ಆಮೇಲೆ ಸುಮಾರು ಒಂದು ಅಡಿ ಮಣ್ಣು. ಕೊನೆಗೆ ನೀರು ಇಂಗದ ಹಾಗೆ ಕರ್ಲು ಮಣ್ಣಿನ ಮೇಲುಮುದ್ದೆ. ಸುತ್ತ ಕುಂಬಿ, ನೀರು ಹೊರಗೆ ಬೀಳಲು ದೋಣಿ, ಒಳಗೆ ಬೆಳಕು ಬರಲು ಬೆಳಕಿಂಡಿ. ಇಳಿಜಾರು ಅಂದ್ರೆ ಹೆಸರಿಗೆ ಮಾತ್ರ.

ಲೆಕ್ಕ ಹಾಕಿ. ಒಂದು ಅಡಿ ಅಂದ್ರೆ 0.3 ಮೀಟರ್. ತುಳಿದ ಮಣ್ಣಿನ ಸಾಂದ್ರತೆ ಘನಮೀಟರಿಗೆ 1700 ಕೆಜಿ ಅಂತ ಹಿಡಿದರೆ, ಒಂದು ಚದರ ಮೀಟರ್ ಮಾಳಿಗೆಯ ಮಣ್ಣೇ ಸುಮಾರು 500 ಕೆಜಿ. ಅರ್ಧ ಟನ್! ಇಂಥ ಮಾಳಿಗೆಯನ್ನು ಯಾವ ಗಾಳಿಯೂ ಎತ್ತೋದಿಲ್ಲ. ಅದಕ್ಕಿರುವ ಒಂದೇ ಶತ್ರು ಅದರದೇ ಭಾರ. ಪ್ರತಿ ವರ್ಷ ಮಳೆಗಾಲದ ಮೊದಲು ಇನ್ನೊಂದು ಪದರ ಮಣ್ಣು ಬೀಳುತ್ತೆ, ಹಳೆಯದನ್ನು ಕೆರೆದು ತೆಗೆಯೋರು ಕಡಿಮೆ. ಜಂತಿಗೆ ಗೆದ್ದಲು ಹಿಡಿದಿರುತ್ತೆ. ಎರಡು ದಿನ ಬಿಡದೆ ಮಳೆ ಹೊಡೆದರೆ ಮಣ್ಣು ನೀರು ಕುಡಿದು ಇನ್ನೂ ಭಾರ, ಗೋಡೆಯ ಬುಡ ನೆನೆದು ಇನ್ನೂ ಮೆತ್ತಗೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ರಾಯಚೂರು, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದದ್ದು ಹೀಗೆ. ಆಮೇಲೆ ಮಾಳಿಗೆಯ ಕೆಳಗೆ ಮಲಗೋಕೆ ಹೆದರಿದವರು ತಗಡು, ಸಿಮೆಂಟ್ ಶೀಟಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಚಾವಣಿ ಬದಲಾಯಿತೇ ಹೊರತು ಚಾವಣಿಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾಗಲಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 5 ಕೆಜಿ ಆಸುಪಾಸು ತೂಗುತ್ತೆ. ಮಾಳಿಗೆಯ ನೂರರಲ್ಲಿ ಒಂದು ಪಾಲು. ಅಡ್ಡ ಪೈಪು, ಉದ್ದ ಪೈಪು ಸೇರಿಸಿದರೂ 12 ಕೆಜಿ ದಾಟೋದು ಕಷ್ಟ.

ಈಗ ಗಾಳಿ. ಗಾಳಿಯ ಹೊರೆಗೆ ನಮ್ಮಲ್ಲಿರುವ ಸಂಹಿತೆ ಐಎಸ್ 875ರ 3ನೇ ಭಾಗ, 2015ರ ಪರಿಷ್ಕರಣೆ. ಅದರ ಪಟ್ಟಿಯಲ್ಲಿ ಕರ್ನೂಲಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 39 ಮೀಟರ್. ನಮ್ಮೂರ ಲೆಕ್ಕಕ್ಕೆ ನಾನು ಅದನ್ನೇ ಹಿಡಿದೆ. ಗಂಟೆಗೆ 140 ಕಿಲೋಮೀಟರ್ ಅಂದ ಹಾಗಾಯಿತು. ಇದು ದಿನಾ ಬೀಸುವ ಗಾಳಿ ಅಲ್ಲ, 50 ವರ್ಷಕ್ಕೊಮ್ಮೆ ಬರಬಹುದಾದ ಮೂರು ಸೆಕೆಂಡಿನ ಬೀಸು. ಮನುಷ್ಯರು ವಾಸಿಸದ ಹೊಲದ ಶೆಡ್ಡಿಗೆ ಸಂಹಿತೆ ರಿಯಾಯಿತಿ ಕೊಡುತ್ತೆ, 39ಕ್ಕೆ 0.92ರಿಂದ ಗುಣಿಸಬಹುದು. ಅಂದ್ರೆ ಸುಮಾರು 36. ಇದರ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ, ಚದರ ಮೀಟರಿಗೆ 770 ನ್ಯೂಟನ್ ಚಿಲ್ಲರೆ. ದಿಕ್ಕಿನ ಗುಣಾಂಕ 0.9 ಹಾಕಿದರೆ ಹತ್ತಿರ ಹತ್ತಿರ 700.

ಇಷ್ಟು ನಿಮಗೆಲ್ಲ ಕ್ಲಾಸಿನಲ್ಲಿ ಬಂದಿರುತ್ತೆ. ಕ್ಲಾಸಿನಲ್ಲಿ ನನ್ನ ತಲೆಗೆ ಹತ್ತದೇ ಹೋದದ್ದು ಅದರ ದಿಕ್ಕು. ಕಡಿಮೆ ಇಳಿಜಾರಿನ ಚಾವಣಿಯ ಮೇಲೆ ಗಾಳಿ ಹಾದುಹೋಗುವಾಗ ಅದನ್ನು ಒತ್ತೋದಿಲ್ಲ, ಹೀರುತ್ತೆ. ಮೇಲಿನಿಂದ ಹೀರುವ ಗುಣಾಂಕ ಸುಮಾರು 0.8 ಅನ್ನಿ. ಕಾಕಾನ ಶೆಡ್ಡಿಗೆ ಮೂರು ಕಡೆ ಗೋಡೆ, ಒಂದು ಕಡೆ ಪೂರ್ತಿ ಬಯಲು. ಬಯಲಿನ ಕಡೆಯಿಂದ ಗಾಳಿ ನುಗ್ಗಿದರೆ ಹೊರಹೋಗಲು ದಾರಿ ಇಲ್ಲ, ಒಳಗಿನಿಂದ ತಗಡನ್ನು ಮೇಲಕ್ಕೆ ದೂಡುತ್ತೆ. ಗೋಡೆಯಲ್ಲಿ ಶೇಕಡ 20ಕ್ಕಿಂತ ಹೆಚ್ಚು ಬಯಲಿದ್ದರೆ ಇದಕ್ಕೆ ಸಂಹಿತೆ ಹೇಳುವ ಗುಣಾಂಕ 0.7. ಎರಡೂ ಸೇರಿ 1.5. 700ಕ್ಕೆ ಗುಣಿಸಿ ನೋಡಿ: ಚದರ ಮೀಟರಿಗೆ 1050 ನ್ಯೂಟನ್. ನೂರು ಕೆಜಿಗೂ ಸ್ವಲ್ಪ ಹೆಚ್ಚು, ಮೇಲ್ಮುಖವಾಗಿ.

ಶೆಡ್ಡು 6 ಮೀಟರ್ ಅಗಲ, 9 ಮೀಟರ್ ಉದ್ದ. 54 ಚದರ ಮೀಟರಿಗೆ ಎತ್ತುವ ಬಲ 5.4 ಟನ್. ತಗಡು–ಪೈಪಿನ ಸ್ವಂತ ತೂಕ 650 ಕೆಜಿ. ಮೇಲೆ 20 ಕಲ್ಲು ಇದ್ದವು, ಒಂದೊಂದು 15 ಕೆಜಿ ಅಂದರೂ 300 ಕೆಜಿ. ಒಟ್ಟು ಒಂದು ಟನ್ ಕೂಡ ಆಗಲಿಲ್ಲ.

ಕಾಕಾನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಹಂಗಾದ್ರ ನೂರು ಕಲ್ಲು ಇಟ್ರ?" ಅರ್ಧ ಮಿಲಿಮೀಟರ್ ತಗಡಿನ ಮೇಲೆ ನಾಲ್ಕೈದು ಟನ್ ಕಲ್ಲು ಇಟ್ಟರೆ ಗಾಳಿ ಇಲ್ಲದ ದಿನ ಏನಾಗುತ್ತೆ ಅಂತ ನಾನು ತಿರುಗಿ ಕೇಳಿದೆ. ಅವನು ನಕ್ಕ. ಗಾಳಿಯ ದಿನ ತಗಡು ಹಾರದಿದ್ದರೂ ಅದರುತ್ತೆ, ಅದರಿದಾಗ ಕಲ್ಲು ಉರುಳುತ್ತೆ. ಆಗ ಚಾವಣಿ ಗಟ್ಟಿಯಾಗಿ ನಿಂತಿದ್ದರೂ ಕೆಳಗೆ ಕೂತವರಿಗೆ ಅಪಾಯ ತಪ್ಪಿದ್ದಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಹೊರಸಿನ ಪಕ್ಕದಲ್ಲೇ ಬಿದ್ದಿತ್ತು.

ಮಾಳಿಗೆಯನ್ನು ಹೊರಬೇಕು, ತಗಡನ್ನು ಕಟ್ಟಬೇಕು. ಹೊರುವುದಕ್ಕೆ ಒಂದರ ಮೇಲೊಂದು ಇಟ್ಟರೆ ಸಾಕು, ಜಂತಿ ತೊಲೆಯ ಮೇಲೆ ಸುಮ್ಮನೆ ಕೂತಿರುತ್ತೆ. ಕಟ್ಟುವುದಕ್ಕೆ ತಗಡಿನಿಂದ ನೆಲದವರೆಗೆ ಒಂದೂ ಕೊಂಡಿ ತಪ್ಪದ ಸರಪಳಿ ಬೇಕು: ತಗಡು ಬೋಲ್ಟಿಗೆ, ಬೋಲ್ಟು ಅಡ್ಡ ಪೈಪಿಗೆ, ಅಡ್ಡ ಪೈಪು ಉದ್ದ ಪೈಪಿಗೆ, ಅದು ಕಂಬಕ್ಕೆ, ಕಂಬ ಬುಡದ ಕಾಂಕ್ರೀಟಿಗೆ. ನಾನು ಮರುದಿನ ಗದ್ದೆಯಲ್ಲಿ ಬಿದ್ದಿದ್ದನ್ನೆಲ್ಲ ತಿರುಗಿಸಿ ನೋಡಿದೆ, ಸರಪಳಿ ಎಲ್ಲಿ ಹರಿದಿದೆ ಅಂತ.

ಮೊದಲು ಬೋಲ್ಟು. ಅಡ್ಡ ಪೈಪುಗಳ ಅಂತರ 4 ಅಡಿ, ಅಂದ್ರೆ 1.2 ಮೀಟರ್. ಅದು ಪರವಾಗಿಲ್ಲ. ಆದರೆ ಪೈಪಿನ ಉದ್ದಕ್ಕೆ ಎರಡೂವರೆ ಅಡಿಗೊಂದು ಬೋಲ್ಟು ಹೊಡೆದಿದ್ದರು. ಅಂದ್ರೆ ಒಂದು ಬೋಲ್ಟಿನ ಪಾಲಿಗೆ 0.9 ಚದರ ಮೀಟರ್, 90 ಕೆಜಿ ಎಳೆತ. ಒಂದು ಅಡಿಗೊಂದು ಹೊಡೆದಿದ್ದರೆ 36 ಕೆಜಿ ಆಗ್ತಿತ್ತು. ಬೋಲ್ಟು ತುಂಡಾಗೋದಿಲ್ಲ, ಅದರ ಸುತ್ತ ತೆಳು ತಗಡು ಹರಿಯುತ್ತೆ. ತೂತು ದೊಡ್ಡದಾಗಿ ವಾಷರ್ ಸಮೇತ ತಗಡು ಕಳಚಿಕೊಳ್ಳುತ್ತೆ. ಒಂದು ಕಳಚಿದರೆ ಅದರ ಪಾಲು ಪಕ್ಕದ್ದಕ್ಕೆ, ಅದು ಕಳಚಿದರೆ ಅದರ ಪಕ್ಕದ್ದಕ್ಕೆ, ಬ್ಯಾಗಿನ ಜಿಪ್ಪು ಬಿಚ್ಚಿದ ಹಾಗೆ. ಶುರುವಾಗೋದು ಯಾವಾಗಲೂ ಅಂಚಿನಿಂದ, ಮೂಲೆಯಿಂದ. ಅಲ್ಲಿ ಹೀರುವ ಬಲ ನಡುವಿಗಿಂತ ಜಾಸ್ತಿ. ಸಂಹಿತೆ ಅಂಚಿಗೆ, ಮೂಲೆಗೆ ಬೇರೆಯೇ ಗುಣಾಂಕ ಕೊಡೋದು ಅದಕ್ಕೇ. ನಮ್ಮಲ್ಲಿ ನಡುವೆ ಎಷ್ಟು ಬೋಲ್ಟೋ ಅಂಚಿಗೂ ಅಷ್ಟೇ. ಕೆಲವು ಕಡೆ ಅಂಚಿಗೇ ಕಡಿಮೆ, ಏಣಿ ಎಟುಕೋದಿಲ್ಲ ಅಂತ!

ಹರಿಯುವುದು ಒಂದೇ ಏಟಿಗೆ ಅಂತಲೂ ಅಲ್ಲ. 1974ರ ಡಿಸೆಂಬರ್ 25ರ ಬೆಳಗಿನ ಜಾವ ಟ್ರೇಸಿ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಅರ್ಧಕ್ಕೂ ಹೆಚ್ಚು ಮನೆಗಳನ್ನು ಹಾಳು ಮಾಡಿತು. ಆಮೇಲೆ ಅಲ್ಲಿನ ಎಂಜಿನಿಯರುಗಳು ತಗಡು ಪರೀಕ್ಷಿಸಿದಾಗ ಕಂಡದ್ದು ಸ್ಕ್ರೂ ಸುತ್ತಲಿನ ಸೀಳುಗಳು. ಒಮ್ಮೆ ಎಳೆದಾಗ ತಡೆದುಕೊಂಡ ತಗಡು, ಬಿಟ್ಟು ಬಿಟ್ಟು ಸಾವಿರಾರು ಸಲ ಎಳೆದಾಗ ಲೋಹ ದಣಿದು ಸೀಳಿತ್ತು. ನಮ್ಮ ಫಟೀಗ್ ಅಧ್ಯಾಯ ಬರೀ ಯಂತ್ರದ ಭಾಗಗಳಿಗೆ ಅಂತ ಅಂದುಕೊಂಡಿದ್ದವನು ನಾನು. ಕಾಕಾನ ತಗಡಿನ ಹಳೇ ತೂತುಗಳ ಸುತ್ತ ಬೆರಳಾಡಿಸಿದರೆ ಅಂಥದೇ ಸಣ್ಣ ಸೀಳು ಕೈಗೆ ಸಿಗ್ತಿದ್ದವು. ಹಿಂದಿನ ವರ್ಷದ ಗಾಳಿಗೆ ಅರ್ಧ ಕೆಲಸ ಮುಗಿದಿತ್ತು.

ಎರಡನೇ ಕೊಂಡಿ ವೆಲ್ಡಿಂಗ್. ಅಡ್ಡ ಪೈಪನ್ನು ಉದ್ದ ಪೈಪಿನ ಮೇಲಿಟ್ಟು ಎರಡು ಕಡೆ ಚುಕ್ಕಿ ಇಟ್ಟ ಹಾಗೆ ಟಾಕಾ ಹೊಡೆದು ಬಿಟ್ಟಿದ್ದರು. ಕೆಳಮುಖ ಭಾರಕ್ಕೆ ಅಷ್ಟು ಸಾಕು, ಪೈಪು ಜಾರಬಾರದು ಅಷ್ಟೇ. ಮೇಲಕ್ಕೆ ಎಳೆದಾಗ ಅದು ಚಾಕೊಲೇಟ್ ಮುರಿದ ಹಾಗೆ. ಮೇಲಾಗಿ ಜಿಐ ಪೈಪಿಗೆ ವೆಲ್ಡ್ ಹೊಡೆದರೆ ಅಲ್ಲಿನ ಸತುವಿನ ಲೇಪ ಸುಟ್ಟು ಹೋಗುತ್ತೆ. ಅದರ ಮೇಲೆ ಸತುವಿರುವ ಬಣ್ಣ ಬಳಿಯದಿದ್ದರೆ ತುಕ್ಕು ಹಿಡಿಯೋದು ಜೋಡಣೆಯ ಜಾಗದಲ್ಲೇ. ನಮ್ಮ ವೆಲ್ಡರ್‌ಗಳು ಬಳಿಯೋದು ಬೆಳ್ಳಿ ಬಣ್ಣ. ಚೆಂದ ಕಾಣುತ್ತೆ.

ಮೂರನೆಯದು ಕಂಬದ ಬುಡ. ನನಗೆ ಬಹಳ ಇಷ್ಟವಾದ ಭಾಗ ಇದು. ಎರಡು ಸಾಲಿನಲ್ಲಿ ಮೂರು ಮೂರು, ಒಟ್ಟು ಆರು ಕಂಬ. 5.4 ಟನ್ನನ್ನು ಆರರಿಂದ ಭಾಗಿಸಬೇಡಿ. ನಾನೂ ಮೊದಲು ಹಾಗೇ ಮಾಡಿದ್ದೆ. ಮೂಲೆಯ ಕಂಬದ ಪಾಲಿಗೆ ಬರುವ ಚಾವಣಿ 6.75 ಚದರ ಮೀಟರ್, ನಡುವಿನ ಕಂಬಕ್ಕೆ ಅದರ ಎರಡರಷ್ಟು, 13.5. ಸ್ವಂತ ತೂಕ ಕಳೆದು ಚದರ ಮೀಟರಿಗೆ 88 ಕೆಜಿ ಎಂದರೆ ನಡುವಿನ ಕಂಬವನ್ನು ಕೀಳುವ ಬಲ ಸುಮಾರು 1200 ಕೆಜಿ. ಅದರ ಬುಡದಲ್ಲಿ ಇದ್ದದ್ದು ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಕಾಂಕ್ರೀಟು. ನಾಲ್ಕೂವರೆ ಘನ ಅಡಿ, 300 ಕೆಜಿ. ನಾಲ್ಕರಲ್ಲಿ ಒಂದು ಪಾಲು!

"ಸುತ್ತ ಮಣ್ಣು ಹಿಡಕೊಂಡಿರತೈತಲ್ಲ" ಅಂದ ಕಾಕಾ. ಬೇರೆ ಊರಲ್ಲಾದರೆ ಸ್ವಲ್ಪ ಹಿಡಿದುಕೊಳ್ಳುತ್ತೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ ಗಟ್ಟಿಯಾಗಿ ಅಪ್ಪಿಕೊಂಡಿರುವ ಮಣ್ಣು ಏಪ್ರಿಲ್–ಮೇ ಬಿಸಿಲಿಗೆ ಬಿರುಕು ಬಿಟ್ಟು ಕಾಂಕ್ರೀಟಿನಿಂದ ಅರ್ಧ ಇಂಚು ದೂರ ಸರಿದಿರುತ್ತೆ. ಆ ಸಂದಿನಲ್ಲಿ ನಾನು ಕಡ್ಡಿ ಇಳಿಸಿ ತೋರಿಸಿದೆ. ಬಿರುಗಾಳಿ ಬರುವ ಕಾಲವೂ ಅದೇ. ಮಣ್ಣಿನ ಹಿಡಿತ ಬೇಕಾದ ತಿಂಗಳಲ್ಲೇ ಅದು ಇರೋದಿಲ್ಲ. ಆದ್ದರಿಂದ ನಮ್ಮ ಕಡೆ ಕಂಬಕ್ಕೆ ಅದರ ಬುಡದ ತೂಕವನ್ನೇ ನಂಬಬೇಕು. 1200 ಕೆಜಿಗೆ ಅರ್ಧ ಘನಮೀಟರ್ ಕಾಂಕ್ರೀಟು, ಅಂದ್ರೆ ಸುಮಾರು 0.8 ಮೀಟರ್ ಘನ. ಅದರಲ್ಲಿ ನೆಟ್ಟ ಪೈಪು ನುಣ್ಣಗಿದ್ದರೆ ಬೆಣ್ಣೆಯಿಂದ ಚಾಕು ಎಳೆದ ಹಾಗೆ ಬರಬಹುದು. ತುದಿಗೆ ಎರಡು ತುಂಡು ಸಲಾಕೆಯನ್ನು ಅಡ್ಡಡ್ಡ ವೆಲ್ಡ್ ಮಾಡಿ ಹೂಳಬೇಕು.

ದನದ ಶೆಡ್ಡಿಗೆ ಇನ್ನೊಂದು ಕಾಟ, ಗಂಜಲ. ಕಂಬ ನೆಲಕ್ಕೆ ತಾಗುವ ಜಾಗದಲ್ಲಿ ಯಾವಾಗಲೂ ಒದ್ದೆ, ಅಲ್ಲೇ ಪೈಪು ಒಳಗೊಳಗೆ ತಿಂದುಹೋಗುತ್ತೆ. ಕಾಂಕ್ರೀಟನ್ನು ನೆಲದಿಂದ ಅರ್ಧ ಅಡಿ ಮೇಲೆತ್ತಿ, ಸುತ್ತ ಇಳಿಜಾರು ಮಾಡಿದರೆ ಸಾಕು. ಖರ್ಚು ಒಂದು ಪುಟ್ಟಿ ಸಿಮೆಂಟು.

ಕಾಕಾನ ಶೆಡ್ಡಿನಲ್ಲಿ ಕೊನೆಗೆ ಹರಿದದ್ದು ಎರಡನೇ ಕೊಂಡಿ. ಟಾಕಾ ಬಿಟ್ಟು ಪೈಪಿನ ಸಮೇತ ಹೋಗಿತ್ತು. ವೆಲ್ಡಿಂಗ್ ಮಾತ್ರ ಗಟ್ಟಿ ಮಾಡಿದ್ದರೆ ಕಂಬ ಕಿತ್ತು ಬರ್ತಿತ್ತು ಅಷ್ಟೇ.

ಇಲ್ಲಿಯವರೆಗೆ ದನದ ಶೆಡ್ಡಿನ ಮಾತು. ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ನಮ್ಮನೆ. ಅಪ್ಪ ಆ ವರ್ಷ ಸುಗ್ಗಿಯ ದುಡ್ಡಿನಲ್ಲಿ ಮಾಳಿಗೆ ಬಿಚ್ಚಿ ತಗಡು ಹಾಕಿಸುವ ಯೋಚನೆಯಲ್ಲಿದ್ದರು. ಗೋಡೆ ಹಾಗೇ ಇರಲಿ, ಗಟ್ಟಿ ಅದಾವು, ಮೇಲಿನ ಭಾರ ಇಳಿಸಿದರೆ ಇನ್ನೂ ಐವತ್ತು ವರ್ಷ ನಿಲ್ತಾವು ಅಂತ ಗೌಂಡಿ ಹೇಳಿದ್ದ. ಕೇಳಿದವರಿಗೆ ಯಾರಿಗಾದರೂ ಹೌದೆನಿಸುವ ಮಾತು. ನಮ್ಮ ಓಣಿಯಲ್ಲಿ ಆಗಲೇ ಎಷ್ಟೋ ಮನೆಯಲ್ಲಿ ಹೀಗೆ ಮಾಡಿದ್ದಾರೆ.

ಮಣ್ಣಿನ ಗೋಡೆ ಒತ್ತಡ ತಡೆಯುತ್ತೆ, ಎಳೆತ ತಡೆಯೋದಿಲ್ಲ. 3 ಮೀಟರ್ ಅಗಲದ ಕೋಣೆಯಲ್ಲಿ ಮಾಳಿಗೆಯ ಅರ್ಧ ಭಾರ ಒಂದು ಗೋಡೆಗೆ ಬರುತ್ತೆ: ಮೀಟರ್ ಉದ್ದಕ್ಕೆ 750 ಕೆಜಿ. ಆ ಭಾರ ಗೋಡೆಯನ್ನು ಸದಾ ಅದುಮಿ ಹಿಡಿದಿತ್ತು. ಗಾಳಿ ಪಕ್ಕದಿಂದ ತಳ್ಳಿದರೂ, ಮೂಲೆಯಲ್ಲಿ ಬಿರುಕಿದ್ದರೂ ಗೋಡೆ ಒಂದಾಗಿ ನಿಂತಿದ್ದು ಆ ಅದುಮುವಿಕೆಯಿಂದ. ಪ್ರೀಸ್ಟ್ರೆಸ್ಡ್ ಕಾಂಕ್ರೀಟಿನಲ್ಲಿ ನಾವು ಕೇಬಲ್ ಎಳೆದು ಮಾಡುವ ಕೆಲಸವನ್ನು ಇಲ್ಲಿ ಮಣ್ಣಿನ ತೂಕ ಮಾಡ್ತಿತ್ತು. ಮಾಳಿಗೆ ತೆಗೆದು ತಗಡು ಹಾಕಿದರೆ ಅದೇ ಗೋಡೆಗೆ ಬರುವ ಭಾರ 18 ಕೆಜಿ. ಗಾಳಿಯ ದಿನ ಅದೂ ಇಲ್ಲ, ಉಲ್ಟಾ ಮೀಟರಿಗೆ ನೂರಕ್ಕೂ ಹೆಚ್ಚು ಕೆಜಿ ಮೇಲ್ಮುಖ ಎಳೆತ. ಪೈಪನ್ನು ಗೋಡೆಯ ತುದಿಯಲ್ಲಿ ಅರ್ಧ ಅಡಿ ಹೂತು ಸಿಮೆಂಟ್ ಮೆತ್ತಿದರೆ, ಪೈಪು ಆ ಮುದ್ದೆಯನ್ನೇ ಎತ್ತಿಕೊಂಡು ಹೋಗುತ್ತೆ. ಒಣಗಿದ ಮಣ್ಣಿಗೂ ಸಿಮೆಂಟಿಗೂ ನೆಂಟಸ್ತಿಕೆ ಇಲ್ಲ.

ಹಾಗಂತ ಮಾಳಿಗೆಯಲ್ಲೇ ಇರಿ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ, ಜಂತಿಗಳ ಸ್ಥಿತಿ ನಾನೇ ನೋಡಿದ್ದೀನಿ. ಎರಡು ದಾರಿ ಇವೆ. ಗೋಡೆಯ ಮೇಲೆ ಸುತ್ತಲೂ ಬಿಡದಂತೆ ಆರ್‌ಸಿಸಿ ಬೆಲ್ಟ್ ಹಾಕಿ, ಅದಕ್ಕೆ ಚಾವಣಿ ಕಟ್ಟಿ, ಬೆಲ್ಟಿನಿಂದ ಗೋಡೆಯ ಬುಡದವರೆಗೆ ಅಲ್ಲಲ್ಲಿ ಸಲಾಕೆ ಇಳಿಸೋದು. ಇಲ್ಲವೇ ಗೋಡೆಯನ್ನು ಮರೆತುಬಿಡೋದು: ಗೋಡೆಗೆ ತಾಗಿದ ಹಾಗೆ ಒಳಗೆ ಸ್ವತಂತ್ರ ಕಂಬ ನಿಲ್ಲಿಸಿ, ಸ್ವಂತ ಬುಡ ಕೊಟ್ಟು, ಚಾವಣಿಯನ್ನು ಅದಕ್ಕೇ ಕಟ್ಟೋದು. ಗೋಡೆ ಬರೀ ಮರೆಯಾಗಿ ಉಳಿಯುತ್ತೆ. ಆಗಲೂ ಎತ್ತರದ, ಉದ್ದದ ಗೋಡೆಯ ತಲೆಯನ್ನು ಕಂಬಗಳಿಗೆ ಅಡ್ಡಪಟ್ಟಿಯಿಂದ ಹಿಡಿಸಬೇಕು, ಯಾಕಂದ್ರೆ ಅದನ್ನು ಅದುಮುತ್ತಿದ್ದ ಭಾರ ಹೋಗಿದೆಯಲ್ಲ. ನನಗೆ ಎರಡನೆಯದು ವಾಸಿ ಅನ್ನಿಸಿತು. ಹಳೇ ಗೋಡೆಗೆ ತೂತು ಕೊರೆಯುವ ಕೆಲಸ ಕಡಿಮೆ.

ನೀರಿನ ವಿಷಯ ಬೇಗ ಮುಗಿಸ್ತೀನಿ, ಇದು ಎಲ್ಲರಿಗೂ ಅರ್ಧ ಗೊತ್ತಿರೋದೇ. ಮಾಳಿಗೆಯ ರೂಢಿಯಿಂದ ತಗಡಿಗೂ ಇಳಿಜಾರು ಕಡಿಮೆ ಕೊಡ್ತಾರೆ. ಅಲೆಅಲೆಯ ತಗಡಿಗೆ ಆರು ಅಡಿಗೆ ಒಂದು ಅಡಿಯಾದರೂ ಇಳಿಸಿ, ಹತ್ತು ಡಿಗ್ರಿಯ ಹತ್ತಿರ. ಮೇಲಿನ ತಗಡು ಕೆಳಗಿನ ತಗಡನ್ನು 150 ಮಿಲಿಮೀಟರ್ ಆದರೂ ಹೊದ್ದಿರಲಿ, ಪಕ್ಕಕ್ಕೆ ಒಂದೂವರೆ ಅಲೆ. ಬೋಲ್ಟು ಅಲೆಯ ದಿಬ್ಬದಲ್ಲಿ ಬರಲಿ, ನೀರು ಹರಿಯುವ ಕಾಲುವೆಯಲ್ಲಿ ಅಲ್ಲ. ರಬ್ಬರ್ ವಾಷರ್ ಪಿಚಕ್ಕನೆ ಹೊರಗೆ ಬರುವಷ್ಟು ಬಿಗಿಯಬೇಡಿ, ಎರಡು ಬೇಸಿಗೆಗೆ ಅದು ಸೀಳುತ್ತೆ. ನಮ್ಮ ಮುಂಗಾರು ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸೋದು. ಆದ್ದರಿಂದ ತಗಡು ಹೊದಿಸೋದನ್ನು ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಬರಬೇಕು. ಆಗ ಹೊದಿಕೆಯ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತೆ. ಬೇಸಿಗೆಯ ಬಿರುಗಾಳಿಗೆ ಮಾತ್ರ ದಿಕ್ಕಿಲ್ಲ, ಅದಕ್ಕೆ ಬೋಲ್ಟೇ ಗತಿ.

ಬಿಸಿಲಿನ ಲೆಕ್ಕವನ್ನೂ ಒಮ್ಮೆ ನೋಡಿ. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತೆ. 6 ಮೀಟರ್ ತಗಡು ರಾತ್ರಿಯಿಂದ ಮಧ್ಯಾಹ್ನಕ್ಕೆ 50 ಡಿಗ್ರಿ ಕಾದರೆ ಮೂರೂವರೆ ಮಿಲಿಮೀಟರ್. ಸಂಜೆ ತಗಡಿನ ಮನೆಯಲ್ಲಿ ಟಪ್ ಟಪ್ ಅಂತ ಕೇಳೋದು ದೆವ್ವ ಅಲ್ಲ, ಇದೇ. ದಿನಾ ಈ ಎಳೆದಾಟ ನಡೆಯೋದು ಬೋಲ್ಟಿನ ತೂತಿನಲ್ಲಿ. ತಗಡಿನ ದಪ್ಪದ ವಿಷಯದಲ್ಲಿ ಅಂಗಡಿಯವರ ಮಾತು ನಂಬುವ ಮೊದಲು ಒಂದು ಮಾತು: 0.5 ಅಂತ ಹೇಳಿ ಕೊಡುವುದರಲ್ಲಿ ಬಣ್ಣ, ಲೇಪ ಎಲ್ಲ ಸೇರಿರಬಹುದು. ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ನಾವೆಲ್ಲ ಬೈದುಕೊಂಡು ತಿರುಗಿಸಿದ ಸ್ಕ್ರೂ ಗೇಜ್ ಇದೆಯಲ್ಲ, ಅದಕ್ಕೊಂದು ಉಪಯೋಗ ಸಿಕ್ಕಿತು.

ಸಿಮೆಂಟ್ ಶೀಟಿನ ಬಗ್ಗೆ ಆತುರ ಮಾಡೋಕೆ ಆಗೋದಿಲ್ಲ, ಯಾಕಂದ್ರೆ ಇಲ್ಲಿ ಚಾವಣಿಗಿಂತ ಮೊದಲು ಮನುಷ್ಯ ಬೀಳ್ತಾನೆ. 6 ಮಿಲಿಮೀಟರ್ ಶೀಟಿಗೆ ಅಡ್ಡ ಪೈಪಿನ ಅಂತರ 1.4 ಮೀಟರ್ ದಾಟಬಾರದು, ಅಂಚಿನಲ್ಲಿ ಹೊರಚಾಚು 30 ಸೆಂಟಿಮೀಟರ್ ದಾಟಬಾರದು. ನಾಲ್ಕು ಶೀಟು ಸೇರುವ ಮೂಲೆಯಲ್ಲಿ ಎರಡರ ಮೂಲೆಯನ್ನು ಓರೆಯಾಗಿ ಕತ್ತರಿಸಬೇಕು. ಇಲ್ಲದಿದ್ದರೆ ನಾಲ್ಕು ಪದರ ಒಂದರ ಮೇಲೊಂದು ಕೂತು, ಬೋಲ್ಟು ಬಿಗಿದ ಕೂಡಲೇ ಕೂದಲೆಳೆ ಬಿರುಕು ಬೀಳುತ್ತೆ. ಆ ಬಿರುಕು ಕೆಳಗಿನಿಂದ ಕಾಣೋದಿಲ್ಲ. ಮೂರು ವರ್ಷ ಆದಮೇಲೆ ಸೋರುತ್ತೆ ಅಂತ ಯಾರೋ ಡಾಂಬರ್ ಬಳಿಯಲು ಮೇಲೆ ಹತ್ತುತ್ತಾರೆ, ಕಾಲು ಅಲ್ಲೇ ಇಡ್ತಾರೆ. ಹಳೇ ಸಿಮೆಂಟ್ ಶೀಟು ತಗಡಿನ ಹಾಗೆ ಬಾಗಿ ಎಚ್ಚರಿಸೋದಿಲ್ಲ, ಒಂದೇ ಸಲಕ್ಕೆ ಒಡೆಯುತ್ತೆ. ಬೋಲ್ಟಿನ ಸಾಲು ಇರುವ ಕಡೆಯೇ ಪೈಪು ಇರೋದು, ಅಲ್ಲಿ ಕಾಲಿಡು ಅಂತ ಹೇಳ್ತಾರೆ. ಅದೂ ಸಾಲದು. ಎರಡು ಪೈಪುಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಕದೆ ಯಾರನ್ನೂ ಹತ್ತಿಸಬೇಡಿ. ನೆಲ್ಲು ಹುಲ್ಲು ಒಟ್ಟಲು ಹುಡುಗರನ್ನು ಶೀಟಿನ ಮೇಲೆ ಹತ್ತಿಸೋದಂತೂ ಬೇಡವೇ ಬೇಡ.

ಕಟರ್‌ನಿಂದ ಈ ಶೀಟು ಕೊಯ್ಯುವಾಗ ಏಳುವ ಬಿಳಿ ಧೂಳಿನಲ್ಲಿ ಕಲ್ನಾರು ಇರಬಹುದು. ನಮ್ಮ ದೇಶದಲ್ಲಿ ಬಿಳಿ ಕಲ್ನಾರಿನ ಶೀಟು ಇನ್ನೂ ತಯಾರಾಗುತ್ತೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯವೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿತ್ತು. ಊರಲ್ಲಿ ಶೀಟು ಕೊಯ್ಯುವ ಹುಡುಗನಿಗೆ ಅದು ತಲುಪಿಲ್ಲ. ಅವನು ಟವೆಲ್ ಮುಖಕ್ಕೆ ಸುತ್ತಿಕೊಂಡು ಕೊಯ್ತಾನೆ, ಸಂಜೆ ಅದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ತಾನೆ. ಕಟರ್ ಬಿಟ್ಟು, ಶೀಟಿಗೆ ನೀರು ಹಾಕಿ, ಕೈಗರಗಸದಲ್ಲಿ ಕೊಯ್ದರೆ ಧೂಳು ಬಹಳ ಕಡಿಮೆ. ಒಡೆದ ಚೂರುಗಳನ್ನು ಕುಟ್ಟಿ ಅಂಗಳಕ್ಕೆ ಹಾಸುವ ಚಾಳಿ ನಮ್ಮ ಓಣಿಯಲ್ಲೂ ಇದೆ. ನಾನು ಹೇಳಿ ನೋಡಿದೆ, ಒಂದು ಮನೆಯವರು ಕೇಳಿದರು.

ಕಾಕಾನ ಶೆಡ್ಡು ಜೂನ್ ಎರಡನೇ ವಾರದಲ್ಲಿ ಮತ್ತೆ ಎದ್ದಿತು. ಬಯಲಿನ ಬಾಯನ್ನು ಈ ಸಲ ಪೂರ್ವಕ್ಕೆ ತಿರುಗಿಸಿದ್ದಾರೆ. ಒಂದು ಅಡಿಗೊಂದು ಬೋಲ್ಟು, ಅಂಚಿನಲ್ಲಿ ಮುಕ್ಕಾಲು ಅಡಿಗೊಂದು. ವೆಲ್ಡರ್ ಅಣ್ಣ "ಇಷ್ಟ್ಯಾಕ ಬೇಕು, ಏನ್ ವಿಮಾನ ಮಾಡಾಕತ್ತೀರೇನು" ಅಂತ ರೇಗಿದ. ವಿಮಾನ ಆಗಬಾರದು ಅಂತಲೇ, ಅಂದೆ. ಕಂಬದ ಗುಂಡಿ ಎರಡೂವರೆ ಅಡಿಗಿಂತ ಹೆಚ್ಚು ಚೌಕಕ್ಕೆ ತೋಡುವಾಗ ಕಾಕಾನ ಮುಖ ಸಣ್ಣಗಾಯಿತು, ಅಷ್ಟು ಕಾಂಕ್ರೀಟಿಗೆ ದುಡ್ಡು ಎಲ್ಲಿಂದ ಅಂತ. ಆಗ ಗದ್ದೆಯಲ್ಲಿ ಬಿದ್ದಿದ್ದ 20 ಕಲ್ಲು ನೆನಪಾದವು. ಕಾಂಕ್ರೀಟಿನ ನಡುನಡುವೆ ದಪ್ಪ ಕಲ್ಲು ಕೂರಿಸಬಹುದು, ಸುತ್ತ ಕಾಂಕ್ರೀಟು ತುಂಬಿಕೊಂಡರೆ ಸಾಕು, ತೂಕಕ್ಕೆ ಕಲ್ಲೂ ಒಂದೇ ಕಾಂಕ್ರೀಟೂ ಒಂದೇ. ಎಲ್ಲ ತೊಳೆದು ಆರು ಗುಂಡಿಗೆ ಹಂಚಿದೆವು. ಅಜ್ಜಿಯ ಹೊರಸಿನ ಪಕ್ಕ ಬಿದ್ದ ಕಲ್ಲನ್ನು ಕಾಕಾ ತಾನೇ ಹೊತ್ತು ತಂದು ನಡುವಿನ ಕಂಬದ ಗುಂಡಿಗೆ ಇಳಿಸಿದ.

ನಮ್ಮನೆ ಮಾಳಿಗೆ ಇನ್ನೂ ಹಾಗೇ ಇದೆ. ಮೂರು ಜಂತಿಗೆ ಕೆಳಗಿನಿಂದ ಕಂಬ ಕೊಟ್ಟಿದ್ದೀವಿ, ಹಳೇ ಮಣ್ಣು ಅರ್ಧ ಅಡಿ ಕೆರೆದು ತೆಗೆದಿದ್ದೀವಿ. ಒಳಗಿನ ಕಂಬಗಳ ನಕ್ಷೆ ಬರೆದು ಅಪ್ಪನಿಗೆ ಕೊಟ್ಟು ಬಂದಿದ್ದೆ. ಮೊನ್ನೆ ಫೋನ್ ಮಾಡಿದಾಗ ಕೇಳಿದರು: "ಈ ಗುಂಡಿ ಇಷ್ಟು ದೊಡ್ಡದ್ಯಾಕ ಬರ್ದೀ ಅಂತ ಗೌಂಡಿ ಕೇಳಾಕತ್ತಾನ. ನೀ ಬಂದು ಹೇಳ್ತೀಯೇನು?"